ಕಾಲಿಗೆ ತಾಗುವ ಬಳಚು

ಬಳಚು ಎಂಬ ಎರಡು ಚಿಪ್ಪಿನ ಜೀವಿಯನ್ನು ಕಣ್ಣಿಂದ ಹುಡುಕಿದರೆ ಸಿಗುವುದಿಲ್ಲ, ಕಾಲಿಂದ ಹುಡುಕಬೇಕು. ಇದನ್ನು ನನಗೆ ಕಲಿಸಿದವರು ಅತ್ತೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು, ಹಿಮ್ಮಡಿಯಿಂದ ಮರಳನ್ನು ನಿಧಾನಕ್ಕೆ ತಿರುವಬೇಕು. ಮೂರ್ನಾಲ್ಕು ಬೆರಳು ಆಳದಲ್ಲಿ ಏನೋ ಗಟ್ಟಿಯಾಗಿ ತಾಗುತ್ತದೆ. ಕಲ್ಲಾದರೆ ಚುಚ್ಚುತ್ತದೆ, ಬಳಚಾದರೆ ನುಣ್ಣಗೆ ಜಾರುತ್ತದೆ. ಬಗ್ಗಿ ಎತ್ತಿ, ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಪಾತ್ರೆಗೆ ಹಾಕುವುದು. ಅತ್ತೆ, ಅವರ ಇಬ್ಬರು ಹೆಣ್ಣುಮಕ್ಕಳು, ರಜೆಗೆ ಹೋದ ನಾನು, ಎಲ್ಲರೂ ಹೀಗೆ ಬಗ್ಗಿ ಏಳುತ್ತಾ ಎರಡು ಗಂಟೆ ಕಳೆಯುತ್ತಿದ್ದೆವು.

ಮಂಗಳೂರು ಕಡೆ ಇದಕ್ಕೆ ಮರುವಾಯಿ ಅನ್ನುತ್ತಾರೆ. ಕೊಂಕಣಿಯವರು ಜಾತಿ ನೋಡಿ ತಿಸ್ರೆ, ಖುಬ್ಬೆ ಎಂದು ಬೇರೆ ಬೇರೆ ಹೆಸರು ಹೇಳುತ್ತಾರೆ.

ಯಾವತ್ತು ಹೋಗಬೇಕು ಅನ್ನುವುದನ್ನು ಅತ್ತೆ ಚಂದ್ರನನ್ನು ನೋಡಿ ಹೇಳುತ್ತಿದ್ದರು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುತ್ತವೆ. ಎರಡರ ಸೆಳೆತವೂ ಸೇರಿ ಭರತ ಜಾಸ್ತಿ ಏರುತ್ತದೆ, ಇಳಿತ ಜಾಸ್ತಿ ಇಳಿಯುತ್ತದೆ. ಆದರೆ ಅತ್ತೆ ಹುಣ್ಣಿಮೆಯ ದಿನವೇ ಹೊರಡುತ್ತಿರಲಿಲ್ಲ. ಒಂದೆರಡು ದಿನ ಬಿಟ್ಟು ಹೊರಡುತ್ತಿದ್ದರು. ಅವರ ಲೆಕ್ಕ ಸರಿಯೇ. ಅಷ್ಟು ದೊಡ್ಡ ಸಮುದ್ರ ಆ ಸೆಳೆತಕ್ಕೆ ಪೂರ್ತಿ ಓಗೊಡಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಇನ್ನೊಂದು ಲೆಕ್ಕವೂ ಅವರಿಗೆ ಬಾಯಿಪಾಠ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತವಾದರೆ ನಾಳೆ ಅದು 7.50ರ ಸುಮಾರಿಗೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅದಕ್ಕೆ ಆ 50 ನಿಮಿಷ.

ಮರಳಲ್ಲಿ ಹೂತುಕೊಂಡ ಬಳಚು ಊಟ ಮಾಡುವುದು ಹೇಗೆ? ಅದಕ್ಕೆ ಎರಡು ಕೊಳವೆಗಳಿವೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಕಿವಿರು. ಅದು ಉಸಿರಾಡುವುದಕ್ಕಷ್ಟೇ ಅಲ್ಲ, ಜರಡಿಯ ಹಾಗೂ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣದ ಪಾಚಿಯ ಕಣಗಳನ್ನು ಹಿಡಿದು ಬಾಯಿಗೆ ಸಾಗಿಸುತ್ತದೆ. ದೊಡ್ಡ ಬಳಚೊಂದು ಗಂಟೆಗೆ ಲೀಟರಿನಷ್ಟು ನೀರು ಸೋಸಬಲ್ಲದು. ಇಡೀ ಅಳಿವೆಯ ತಳದಲ್ಲಿ ಇಂಥ ಎಷ್ಟು ಜರಡಿಗಳು ಇರಬಹುದು, ಯೋಚಿಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಹಾಕಿದ ಅಂದಾಜಿನಂತೆ, ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ ಸಿಗುತ್ತಿತ್ತು. ಶಿರಸಿ ಬಳಿ ಹುಟ್ಟಿ ಘಟ್ಟ ಇಳಿಯುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು, ಕಾಡಿನ ಗೊಬ್ಬರ, ಮಣ್ಣು ಎಲ್ಲವೂ ಆಯಾ ಕಾಲಕ್ಕೆ ಅಳಿವೆಗೆ ಬಂದು ಸೇರುತ್ತವೆ. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು ಎಂದು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಮನೆಗೆ ತಂದ ಬಳಚನ್ನು ಅತ್ತೆ ರಾತ್ರಿಯಿಡೀ ಅಳಿವೆಯ ಉಪ್ಪುನೀರಲ್ಲೇ ಇಡುತ್ತಿದ್ದರು. ಬಾವಿನೀರಿಗೆ ಹಾಕಿದರೆ ಅವು ಬಾಯಿ ಬಿಗಿದುಕೊಳ್ಳುತ್ತವೆ, ಹೊಟ್ಟೆಯ ಮರಳು ಒಳಗೇ ಉಳಿಯುತ್ತದೆ. ಬೆಳಿಗ್ಗೆ ಪಾತ್ರೆ ಒಲೆಗೆ ಏರಿದ ಮೇಲೆ ಒಂದೊಂದೇ ಬಾಯಿ ತೆರೆಯುವುದನ್ನು ನೋಡುತ್ತಾ ಕೂರುವುದು ಮಕ್ಕಳಿಗೆಲ್ಲ ಇಷ್ಟ. ಆದರೆ ಚಿಪ್ಪು ತೆರೆಯಲು ಬಳಚು ಏನೂ ಶ್ರಮಪಡಬೇಕಾಗಿಲ್ಲ. ಬೆನ್ನಿನ ಕಡೆ ರಬ್ಬರಿನಂಥ ಒಂದು ಪಟ್ಟಿ ಚಿಪ್ಪನ್ನು ಸದಾ ತೆರೆಯಲು ನೋಡುತ್ತಿರುತ್ತದೆ. ಮುಚ್ಚಿಕೊಂಡಿರುವುದಕ್ಕೇ ಬಲ ಬೇಕು, ಅದನ್ನು ಒಳಗಿನ ಎರಡು ಸ್ನಾಯುಗಳು ಕೊಡುತ್ತವೆ. ಬಿಸಿ ತಾಗಿ ಸ್ನಾಯು ಬೆಂದರೆ ಹಿಡಿತ ಬಿಟ್ಟುಹೋಗುತ್ತದೆ. ಸತ್ತ ಬಳಚು ಬಾಯಿ ಬಿಟ್ಟುಕೊಂಡಿರುವುದೂ ಇದಕ್ಕೇ. ಬೇಯಿಸುವ ಮೊದಲೇ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಎಸೆದುಬಿಡಿ.

ಬೇಯಿಸಿದರೂ ಹೋಗದ ಅಪಾಯ ಒಂದಿದೆ. 1983ರಲ್ಲಿ ಮಂಗಳೂರಿಗೆ ದಕ್ಷಿಣದ ಕುಂಬಳೆ ಹೊಳೆಯ ಬಳಚು ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಇದು ಚಿಪ್ಪಿಯಿಂದ ಬರುವ ಪಾರ್ಶ್ವವಾಯು ವಿಷ ಎಂದು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ತೋರಿಸಿದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇದೇ ಥರ ಏಳು ಜನ ಸತ್ತರು. ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಅಂಥ ಪಾಚಿ ಒಮ್ಮೆಲೇ ಹೆಚ್ಚಿದಾಗ ಬಳಚು ಅದನ್ನೂ ಸೋಸಿ ತಿನ್ನುತ್ತದೆ. ಅದಕ್ಕೆ ಹೆಚ್ಚೇನೂ ಆಗುವುದಿಲ್ಲ, ವಿಷ ಮಾತ್ರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ತಿಂದ ನಮಗೆ ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಜಾಸ್ತಿಯಾದರೆ ನರಗಳ ಸುದ್ದಿ ಸ್ನಾಯುಗಳಿಗೆ ಮುಟ್ಟದೆ ಉಸಿರಾಟವೇ ನಿಲ್ಲಬಹುದು. ಎಷ್ಟು ಕುದಿಸಿದರೂ ಈ ವಿಷ ಹೋಗುವುದಿಲ್ಲ. ರುಚಿ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಮದ್ದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಕೃತಕ ಉಸಿರಾಟ ಕೊಟ್ಟರೆ ಬದುಕಿಸಬಹುದು. ಆದ್ದರಿಂದ ತುಟಿ ಜುಮ್ಮೆಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು.

ನೀರಿನ ಬಣ್ಣ ಬದಲಾಗಿದ್ದ ದಿನ ಅತ್ತೆ ಹೊಳೆಗೆ ಇಳಿಯದೆ ವಾಪಸ್ ಬರುತ್ತಿದ್ದರು. ಒಳ್ಳೆಯ ರೂಢಿ ಅದು. ಆದರೆ ಅದೊಂದನ್ನೇ ನಂಬುವ ಹಾಗಿಲ್ಲ. ನೀರು ತಿಳಿಯಾಗಿ ಕಂಡಾಗಲೂ ಬಳಚಿನೊಳಗೆ ವಿಷ ಉಳಿದಿರಬಹುದು. ಅಳಿವೆಯ ನೀರನ್ನು, ಚಿಪ್ಪಿಯನ್ನು ಆಗಾಗ ಪರೀಕ್ಷಿಸಿ ಜನರಿಗೆ ಅವರ ಭಾಷೆಯಲ್ಲೇ ತಿಳಿಸುವ ವ್ಯವಸ್ಥೆ ಪ್ರತಿ ಹೊಳೆಗೂ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟೊಂದು ಮನೆಗಳ ಊಟದ ಪ್ರಶ್ನೆ, ಅಲ್ವಾ?

ಬಳಚು ಮುಗಿದುಹೋಗದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ, ಮರಿಗಳ ಕಾಲದಲ್ಲಿ, ಹೆಕ್ಕುವುದನ್ನು ನಿಲ್ಲಿಸುತ್ತಾರೆ. ಚಿಕ್ಕವು ಜಾರಿಹೋಗುವಷ್ಟು ಅಗಲ ಕಣ್ಣಿನ ಬಲೆಯನ್ನೇ ಬಳಸುತ್ತಾರೆ. 2014ರಲ್ಲಿ ಅಲ್ಲಿನ ಚಿಪ್ಪಿಗೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು.

ಹೋದ ವರ್ಷ ಅತ್ತೆಯ ಮೊಮ್ಮಗಳೂ ನಮ್ಮ ಜೊತೆ ಇಳಿದಿದ್ದಳು. ಅವಳ ಕಾಲಿಗೆ ತಾಗಿದ ಮೊದಲ ಬಳಚು ಹೆಬ್ಬೆರಳಿನ ಉಗುರಿನಷ್ಟೇ ಇತ್ತು. "ಸಣ್ಣದು, ಬಿಡು ಮಗಾ" ಎಂದರು ಅತ್ತೆ. ದಡದ ಹತ್ತಿರ, ಗೇಣುದ್ದ ನೀರಿನಲ್ಲಿ ಅದನ್ನು ಮರಳ ಮೇಲಿಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಚಿಪ್ಪಿನ ಸಂದಿಯಿಂದ ಹಳದಿ ಪಾದ ಹೊರಬಂತು. ಮೊದಲು ಮರಳಿಗೆ ತೂರಿತು. ಆಮೇಲೆ ರಕ್ತ ತುಂಬಿ ಅದರ ತುದಿ ಉಬ್ಬಿ ಲಂಗರಿನಂತೆ ಕಚ್ಚಿಕೊಳ್ಳುತ್ತದೆ, ಚಿಪ್ಪನ್ನು ಕೆಳಗೆ ಎಳೆದುಕೊಳ್ಳುತ್ತದೆ. ಹೀಗೇ ಎಳೆದು, ನಿಂತು, ಎಳೆದು ಅದು ಪೂರ್ತಿ ಒಳಗೆ ಹೋಯಿತು. ಮರಳ ಮೇಲೆ ಒತ್ತೊತ್ತಾಗಿ ಎರಡು ಪುಟ್ಟ ತೂತು ಕಂಡವು.