ಕನ್ನಡಿಯ ಹಿಂದಿನ ಕನ್ನಡಿ

ನಿಕಾನ್ ಕಂಪನಿಯ ಡಿ3400, ಡಿ7200 ಎಂಬ ಎರಡು ಕನ್ನಡಿ ಕ್ಯಾಮೆರಾಗಳಲ್ಲೂ (ಡಿಎಸ್‌ಎಲ್‌ಆರ್) ಇರುವುದು 24.2 ಮೆಗಾಪಿಕ್ಸೆಲ್. ಹಾಗಾದರೆ ಎರಡನೆಯದಕ್ಕೆ ಹೆಚ್ಚು ದುಡ್ಡು ಯಾಕೆ ಎಂದು ಕೇಳುವವರು ಚಿತ್ರ ಮೂಡುವ ಸೆನ್ಸರನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ವ್ಯೂಫೈಂಡರಿಗೆ ಕಣ್ಣಿಟ್ಟು ಫೋಟೊ ತೆಗೆಯುವಾಗ ಫೋಕಸ್ ಮಾಡುವುದು ಆ ಸೆನ್ಸರ್ ಅಲ್ಲವೇ ಅಲ್ಲ.

ಲೆನ್ಸಿನಿಂದ ಬಂದ ಬೆಳಕಿನ ಬಹುಪಾಲು ಮುಖ್ಯ ಕನ್ನಡಿಗೆ ಬಡಿದು ಮೇಲೆ ವ್ಯೂಫೈಂಡರಿಗೆ ಹೋಗುತ್ತದೆ. ಆ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅಲ್ಲಿ ನುಸುಳಿದ ಬೆಳಕನ್ನು ಹಿಂಬದಿಯ ಪುಟ್ಟ ಕನ್ನಡಿಯೊಂದು ಕ್ಯಾಮೆರಾದ ತಳದಲ್ಲಿರುವ ಆಟೊಫೋಕಸ್ ಘಟಕಕ್ಕೆ ಇಳಿಸುತ್ತದೆ. ಲೆನ್ಸಿನ ಒಂದು ಬದಿಯಿಂದ ಬಂದ ಬೆಳಕು ಒಂದು ಬಿಂಬ, ಎದುರು ಬದಿಯದು ಇನ್ನೊಂದು. ಎರಡರ ನಡುವಿನ ಅಂತರ ಗೊತ್ತುಮಾಡಿದ ಅಳತೆಗಿಂತ ಕಡಿಮೆಯಾದರೆ ಫೋಕಸ್ ವಸ್ತುವಿಗಿಂತ ಮುಂದೆ ಬಿದ್ದಿದೆ, ಹೆಚ್ಚಾದರೆ ಹಿಂದೆ. ಮೋಟಾರು ಯಾವ ಕಡೆಗೆ, ಎಷ್ಟು ತಿರುಗಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಹೋದರೆ ಕೈ ತಪ್ಪುವುದೇಕೆಂದು ನೆನೆಸಿಕೊಳ್ಳಿ. ಇಲ್ಲಿ ಲೆನ್ಸಿನ ಎರಡು ಬದಿಗಳೇ ಎರಡು ಕಣ್ಣು. ಅವು ದೂರವಿದ್ದಷ್ಟೂ ಅಳತೆ ಕರಾರುವಾಕ್ಕು. ಕ್ಯಾನನ್ ಕಂಪನಿಯ 80ಡಿ ಕ್ಯಾಮೆರಾದಲ್ಲಿ ಫೋಕಸ್ ಅಳೆಯುವ ನಡುಬಿಂದು, ಎಫ್/2.8ರಷ್ಟು ಅಗಲ ಬಾಯಿಯ ಲೆನ್ಸ್ ಹಾಕಿದಾಗ ಹೆಚ್ಚು ನಿಖರವಾಗುವುದು ಇದಕ್ಕೇ.

ಈ ವಿದ್ಯೆಯನ್ನು 1985ರಲ್ಲಿ ಎಸ್‌ಎಲ್‌ಆರ್ ಬಾಡಿಯೊಳಗೇ ಮೋಟಾರಿನ ಸಮೇತ ಕೂರಿಸಿ ಗೆದ್ದದ್ದು ಮಿನೋಲ್ಟಾ 7000. ಪೇಟೆಂಟ್ ತನ್ನದೆಂದು ಅಮೆರಿಕದ ಹನಿವೆಲ್ ಕಂಪನಿ ಕೋರ್ಟಿಗೆ ಹೋಯಿತು. 1992ರಲ್ಲಿ ಮಿನೋಲ್ಟಾ ಸುಮಾರು 12.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಫೋಕಸ್ ಬಿಂದುಗಳ ಎಣಿಕೆಯೂ ಮೆಗಾಪಿಕ್ಸೆಲ್‌ನಷ್ಟೇ ಮೋಸದ್ದು. ಸಾಮಾನ್ಯ ಬಿಂದು ಒಂದು ದಿಕ್ಕಿನ ಗೆರೆಗಳನ್ನು ಮಾತ್ರ ಗುರುತಿಸುತ್ತದೆ, ಕ್ರಾಸ್ ಬಿಂದು ಅಡ್ಡ-ಉದ್ದ ಎರಡನ್ನೂ. ಡಿ3400ರ 11ರಲ್ಲಿ ಕ್ರಾಸ್ ಒಂದೇ, ನಟ್ಟನಡುವೆ. ಡಿ7200ರ 51ರಲ್ಲಿ 15. 80ಡಿಯ 45ಕ್ಕೆ 45ವೂ ಕ್ರಾಸ್. ಅಂಚಿನ ಬಿಂದು ಫೋಕಸ್ ಹಿಡಿಯದೆ ಹಿಂದೆ ಮುಂದೆ ಓಡುತ್ತಿದ್ದರೆ ಕ್ಯಾಮೆರಾವನ್ನು ಕೊಂಚ ಓರೆ ಮಾಡಿ ಫೋಕಸ್ ಹಿಡಿದು, ನೆಟ್ಟಗೆ ಮಾಡಿ ಕ್ಲಿಕ್ಕಿಸಿ. ಮಬ್ಬು ಬೆಳಕಿನಲ್ಲಿ ಡಿ3400 −1 ಇವಿವರೆಗೆ (ಇವಿ ಬೆಳಕಿನ ಅಳತೆ, ಒಂದು ಅಂಕಿ ಇಳಿದರೆ ಬೆಳಕು ಅರ್ಧ), ಡಿ7200 −3 ಇವಿವರೆಗೆ ಫೋಕಸ್ ಮಾಡಬಲ್ಲದು. ಅಂದರೆ ನಾಲ್ಕನೇ ಒಂದು ಪಾಲು ಬೆಳಕು ಸಾಕು. ನನ್ನ ಮಟ್ಟಿಗೆ 51 ಎಂಬ ಅಂಕಿಗಿಂತ ಈ ಅಂಕಿ ದೊಡ್ಡದು.

ಹಳೆಯ ಲೆನ್ಸ್ ಇದ್ದರೆ ಇನ್ನೊಂದು ವಿಷಯ. ಡಿ3400ರ ಬಾಡಿಯಲ್ಲಿ ಫೋಕಸ್ ಮೋಟಾರಿಲ್ಲ. ಎಎಫ್ 50 ಎಂಎಂ ಎಫ್/1.8ಡಿಯಂಥ, ಸ್ವಂತ ಮೋಟಾರಿಲ್ಲದ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಡಿ7200ರಲ್ಲಿ ಮೋಟಾರಿದೆ.

ಇನ್ನು ಬೆರಳ ಕೆಲಸ. ಡಿ3400ರಲ್ಲಿ ಡಯಲ್ ಒಂದೇ. ಮ್ಯಾನ್ಯುಅಲ್ ಮೋಡಿನಲ್ಲಿ ಅಪರ್ಚರ್ (ಲೆನ್ಸಿನ ಬಾಯಿಯ ಅಗಲ) ಬದಲಿಸಲು ± ಗುಂಡಿ ಒತ್ತಿಹಿಡಿದು ಅದನ್ನೇ ತಿರುಗಿಸಬೇಕು. ಡಿ7200ರಲ್ಲಿ ಹೆಬ್ಬೆರಳಿಗೆ ಶಟರ್ ವೇಗ, ತೋರುಬೆರಳಿಗೆ ಅಪರ್ಚರ್. ಲೆನ್ಸಿನ ಪಕ್ಕದ ಗುಂಡಿ ಒತ್ತಿ ಹಿಂದಿನ ಡಯಲ್ ತಿರುಗಿಸಿದರೆ ಒಮ್ಮೆ ಫೋಕಸ್ ಹಿಡಿದು ನಿಲ್ಲುವ ಎಎಫ್-ಎಸ್ ಹೋಗಿ, ಚಲಿಸುವ ವಸ್ತುವನ್ನು ಹಿಂಬಾಲಿಸುವ ಎಎಫ್-ಸಿ, ಮುಂದಿನದು ತಿರುಗಿಸಿದರೆ ಬಿಂದುಗಳ ಗುಂಪು ಬದಲು. ಕೂತಿದ್ದ ಹಕ್ಕಿ ಹಾರುವ ಹೊತ್ತಿಗೆ ಕಣ್ಣು ವ್ಯೂಫೈಂಡರ್ ಬಿಡಬೇಕಿಲ್ಲ. ಆದರೆ ಹೆಬ್ಬೆರಳಿನಿಂದ ಫೋಕಸ್ ಮಾಡುವ ಆಸೆಗೆಂದೇ ಹೊಸ ಬಾಡಿ ಬೇಡ: ಡಿ3400ರ ಎಇ-ಎಲ್/ಎಎಫ್-ಎಲ್ ಗುಂಡಿಗೂ ಮೆನುವಿನಲ್ಲಿ ಎಎಫ್-ಆನ್, ಅಂದರೆ ಒತ್ತಿದಾಗ ಫೋಕಸ್ ಮಾಡುವ ಕೆಲಸ ಕೊಡಬಹುದು.

ಡಿ3400ರಲ್ಲಿ ಇಲ್ಲದ, ಡಿ7200ರಲ್ಲಿರುವ ಮತ್ತೊಂದು ಸೌಲಭ್ಯ, ಫೋಕಸಿನ ಸಣ್ಣ ತಪ್ಪನ್ನು ತಿದ್ದುವ ಎಎಫ್ ಫೈನ್-ಟ್ಯೂನ್. ಫೋಕಸ್ ಘಟಕಕ್ಕೆ ಹೋಗುವ ದಾರಿ ಬೇರೆ, ಸೆನ್ಸರಿನ ದಾರಿ ಬೇರೆಯಾದ್ದರಿಂದ ಪುಟ್ಟ ಕನ್ನಡಿ ಕೂದಲೆಳೆಯಷ್ಟು ಸರಿದರೂ ಚಿತ್ರ ಮಸುಕು. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಅಪರ್ಚರ್ ಪೂರ್ತಿ ತೆರೆದು, ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆಯನ್ನು ನೇರ ಎದುರಿನಿಂದ ತೆಗೆಯಿರಿ. 50 ಎಂಎಂ ಲೆನ್ಸಿಗೆ ಎರಡೂವರೆ ಮೀಟರ್ ದೂರ ಸಾಕು. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿಯಬೇಕು. ಬಳಿಕ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತಾ, ತೆಗೆದು ಹೋಲಿಸಿ. ಅಲ್ಲಿ ಫೋಕಸ್ ಮಾಡುವುದು ಚಿತ್ರದ ಸೆನ್ಸರೇ. ಎರಡೂ ಮಸುಕಾದರೆ ತಪ್ಪು ಲೆನ್ಸಿನದು ಅಥವಾ ಅಲುಗಾಟದ್ದು, ಫೈನ್-ಟ್ಯೂನ್ ಮುಟ್ಟಬೇಡಿ. ಲೈವ್ ವ್ಯೂ ಮಾತ್ರ ಚೂಪಾಗಿದ್ದು, ವ್ಯೂಫೈಂಡರ್ ಚಿತ್ರದ ಫೋಕಸ್ ಹಿಂದೆ ಬೀಳುತ್ತಿದ್ದರೆ ಮೈನಸ್ ಕಡೆಗೆ, ಮುಂದೆ ಬೀಳುತ್ತಿದ್ದರೆ ಪ್ಲಸ್ ಕಡೆಗೆ ಹೋಗಿ, ಮಿತಿ ±20. ಜೂಮ್ ಲೆನ್ಸಿಗೂ ದಾಖಲಾಗುವುದು ಒಂದೇ ಮೌಲ್ಯವಾದ್ದರಿಂದ, ಹೆಚ್ಚು ಬಳಸುವ ಫೋಕಲ್ ಲೆಂತ್‌ನಲ್ಲೇ ಅದನ್ನು ಹೊಂದಿಸಿ.