ಠರಾವು ಪುಸ್ತಕದಿಂದ ಮುಂದೆ ಹೋಗದ ಯುವಕ ಮಂಡಲ

ಯುವಜನರ ತರಬೇತಿಗೆಂದು ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ–ಸಿದ್ದಾಪುರದ ಕಡೆ, ಎಲ್ಲಿಗೆ ಹೋದರೂ ನಾನು ಮೊದಲು ಕೇಳುವುದು ಯುವಕ ಮಂಡಲದ ಠರಾವು ಪುಸ್ತಕ. ಹೆಚ್ಚಿನವು ಒಂದೇ ನಮೂನೆ: ಹೊನಲು ಬೆಳಕಿನ ಕಬಡ್ಡಿ, ಗಣಪತಿ ಪೆಂಡಾಲು, ಯಕ್ಷಗಾನಕ್ಕೆ ವಂತಿಗೆ. ಕಬಡ್ಡಿಯ ಮೇಲೆ ನನಗೆ ತಕರಾರಿಲ್ಲ. ಹುಡುಗರು ನಾಲ್ಕು ಜನರ ಎದುರು ಲೆಕ್ಕ ಒಪ್ಪಿಸಲು ಕಲಿಯುವುದೇ ಅಲ್ಲಿ.

ಕುಮಟಾ ಕಡೆಯ ಒಂದು ಪುಸ್ತಕದಲ್ಲಿ ಮಾತ್ರ ಬೇರೆ ಠರಾವಿತ್ತು. ಕಾಲೇಜು ಬಿಟ್ಟ ಮೇಲೆ ಊರಿಗೆ ಬಸ್ಸಿಲ್ಲ, ಮನವಿ ಕೊಡಬೇಕು ಅಂತ. ಮನವಿ ಕೊಟ್ಟರು, ಪ್ರತಿಗೆ ಸೀಲು–ಸಹಿಯೂ ಬಿತ್ತು, ಬಸ್ಸು ಬರಲಿಲ್ಲ. ಸುತ್ತಲಿನ ಊರುಗಳದ್ದೂ ಅದೇ ಗೋಳು. ಆದರೆ ಆ ಮಂಡಲಗಳು ಒಂದನ್ನೊಂದು ನೆನೆಯುವುದು ಟೂರ್ನಮೆಂಟಿಗೆ ಕರೆಯುವಾಗ ಮಾತ್ರ.

ಇಂಥ ಠರಾವುಗಳನ್ನು ಒಟ್ಟುಮಾಡಿ ತಾಲ್ಲೂಕು, ಜಿಲ್ಲೆ ದಾಟಿಸಿ ನೀತಿ ರೂಪಿಸುವವರ ಮುಂದಿಡುವುದು ರಾಷ್ಟ್ರೀಯ ಯುವಜನ ಪರಿಷತ್ತಿನ, ಅಂದರೆ ಯುವಜನ ಸಂಘಟನೆಗಳ ಪ್ರತಿನಿಧಿಗಳು ಕೂರುವ ದೇಶಮಟ್ಟದ ವೇದಿಕೆಯ, ಮುಖ್ಯ ಕೆಲಸ. ಜರ್ಮನಿಯಲ್ಲಿ 1949ರಿಂದಲೂ ಯುವಜನ ಸಂಘಟನೆಗಳದ್ದೇ ಒಂದು ಒಕ್ಕೂಟವಿದೆ. ನೇಪಾಳ 2015ರಲ್ಲಿ ಕಾಯ್ದೆ ಮಾಡಿ ಪರಿಷತ್ತು ಕಟ್ಟಿಕೊಂಡಿತು. ನಮ್ಮಲ್ಲಿ ಅಂಥದ್ದು ಇನ್ನೂ ಇಲ್ಲ. 1972ರಲ್ಲಿ ನೆಹರು ಯುವ ಕೇಂದ್ರಗಳು ಶುರುವಾದವು, 1987ರಲ್ಲಿ ಅವು ಸ್ವಾಯತ್ತ ಸಂಘಟನೆಯಾದವು, 2023ರಲ್ಲಿ ಮೇರಾ ಯುವ ಭಾರತ್ ಬಂತು. ಇವುಗಳಿಂದ ಹಳ್ಳಿ ಹುಡುಗರಿಗೆ ತರಬೇತಿ, ವೇದಿಕೆ, ಹೊರ ರಾಜ್ಯ ಕಾಣುವ ಅವಕಾಶ ಸಿಕ್ಕಿದ್ದು ನಿಜ. ಆದರೆ ಸ್ವಾಯತ್ತ ಎಂದರೂ ಇವು ಸರಕಾರದ ಕೈಕೆಳಗಿನ ವ್ಯವಸ್ಥೆಗಳು. ಈ ವರ್ಷ ಏನು ಮಾಡಬೇಕೆಂಬ ಪಟ್ಟಿ ಮೇಲಿನಿಂದ ಇಳಿದು ಬರುತ್ತದೆ, ಕೆಳಗಿನಿಂದ ಹತ್ತುವುದಿಲ್ಲ. ಪರಿಷತ್ತಿಗೂ ಇಲಾಖೆಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನರೆಂದು ಗುರುತಿಸುತ್ತದೆ. 18 ತುಂಬುವವರೆಗೆ ನಮ್ಮಲ್ಲಿ ಮಕ್ಕಳ ಗ್ರಾಮಸಭೆ ಇದೆ; ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಹುಡುಗಿಯೊಬ್ಬಳು ಪಿಡಿಒ ಎದುರೇ ಕೇಳಬಹುದು. 21ಕ್ಕೆ ಪಂಚಾಯ್ತಿ ಚುನಾವಣೆಗೆ ನಿಲ್ಲಬಹುದು. ನಡುವೆ ಅದೇ ಹುಡುಗಿಗೆ ಉಳಿಯುವುದು ದೊಡ್ಡವರ ಗ್ರಾಮಸಭೆ. ಅಲ್ಲಿ ಮನೆ ಹಂಚಿಕೆಯ ಗದ್ದಲ ಮುಗಿಯುವಷ್ಟರಲ್ಲಿ ಊಟದ ಹೊತ್ತು.

ಅದೂ ಕೆಲಸದ ದಿನವೇ ನಡೆಯುತ್ತದೆ. ಬೆಳಗಿನ ರೈಲು ಹಿಡಿದು ಗೋವೆಗೆ ದುಡಿಯಲು ಹೋಗುವ ಕಾರವಾರದ ಹುಡುಗರು ಹೇಗೆ ಬಂದಾರು? ಅವರಿಗೆ ಭಾನುವಾರವೇ ಆಗಬೇಕು. ಬೋಟಿಗೆ ಹೋಗುವವರನ್ನು ಕೂರಿಸಬೇಕಾದರೆ ಜೂನ್–ಜುಲೈ ಸರಿ. ಮೀನುಗಾರಿಕೆ ನಿಷೇಧದ ಆ 61 ದಿನ ಅವರು ಊರಲ್ಲೇ ಇರುತ್ತಾರೆ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಹೊತ್ತಿಗೆ ಸಭೆ ಕರೆದರೆ ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡಬೇಕಾದೀತು. ದೆಹಲಿಯ ಸುತ್ತೋಲೆಗೆ ಇದೆಲ್ಲ ಗೊತ್ತಿರುವುದಿಲ್ಲ. ಮಂಡಲಗಳು ಆರಿಸಿ ಕಳಿಸಿದವರು ಪರಿಷತ್ತಿನಲ್ಲಿ ಕೂತಿದ್ದರೆ ಗೊತ್ತಿರುತ್ತದೆ.

ಅಂಥ ಪರಿಷತ್ತು ಬರುವವರೆಗೆ ಕಾಯಬೇಕಿಲ್ಲ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಆಗುತ್ತದೆ. ನೋಂದಾಯಿತ ಮಂಡಲಗಳು ತಾಲ್ಲೂಕಿಗೊಂದು ಒಕ್ಕೂಟ ಕಟ್ಟಿ ಎಲ್ಲ ಊರಿನ ಬಸ್ಸಿನ ಠರಾವನ್ನು ಒಂದೇ ಪತ್ರದಲ್ಲಿ ಕೊಡಲಿ. ಬೈಲಾ ಬರೆಯುವಾಗಲೇ ಪದಾಧಿಕಾರಿಗಳ ವಯಸ್ಸಿಗೊಂದು ಮಿತಿ ಹಾಕಿ, ಯುವತಿಯರಿಗೆ ಅರ್ಧ ಸ್ಥಾನ ಇಡಿ. ಮಗಳಿಗೆ ಗಂಡು ನೋಡುತ್ತಿರುವ 'ಯುವಕ' ಮಂಡಲದ ಅಧ್ಯಕ್ಷರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.