ಮೊದಲು ಕಂಡವರು ಯಾರು? ಅಮೆರಿಕದ 4ನೇ ಆರ್ಮರ್ಡ್ ಡಿವಿಷನ್ನಿನ ಯುದ್ಧ

ಎರಡನೇ ಮಹಾಯುದ್ಧದ ಟ್ಯಾಂಕುಗಳ ಮಾತು ಬಂದರೆ ವಾದವೆಲ್ಲ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತದೆ. ಕವಚ ಎಷ್ಟು ದಪ್ಪ? ಫಿರಂಗಿ ಎಷ್ಟು ಬಲ? ಇವೆರಡನ್ನೇ ನಂಬಿ ಕೂತರೆ, 1944ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅರಾಕೂರ್ ಎಂಬ ಊರಿನ ಸುತ್ತ ಏನಾಯಿತು ಎನ್ನುವುದು ತಲೆಗೇ ಹತ್ತುವುದಿಲ್ಲ. ಜರ್ಮನರ ಬಳಿ ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಪ್ಯಾಂಥರ್ ಟ್ಯಾಂಕುಗಳಿದ್ದವು. ಅಮೆರಿಕನ್ನರ ಬಳಿ ಇದ್ದದ್ದು ಶರ್ಮನ್. ಕವಚದಲ್ಲೂ ಫಿರಂಗಿಯಲ್ಲೂ ಪ್ಯಾಂಥರ್ ಬಹಳ ಮುಂದೆ. ಆದರೂ ಅಲ್ಲಿ ಸೋತದ್ದು ಪ್ಯಾಂಥರ್.

ಗೆದ್ದದ್ದು ಅಮೆರಿಕದ 4ನೇ ಆರ್ಮರ್ಡ್ ಡಿವಿಷನ್. 1941ರ ಏಪ್ರಿಲ್ 15ರಂದು ನ್ಯೂಯಾರ್ಕ್ ರಾಜ್ಯದ ಪೈನ್ ಕ್ಯಾಂಪಿನಲ್ಲಿ ಹುಟ್ಟಿದ ಪಡೆ ಇದು. ಟ್ಯಾಂಕ್ ಡಿವಿಷನ್ ಅಂದರೆ ಬರೀ ಟ್ಯಾಂಕುಗಳ ಗುಂಪು ಅಂತ ಅನ್ನಿಸಬಹುದು. ಹಾಗಲ್ಲ. ಇದರಲ್ಲಿ ಮೂರು ಟ್ಯಾಂಕ್ ಬೆಟಾಲಿಯನ್, ಮುಂದೆ ಚಕ್ರ, ಹಿಂದೆ ಟ್ಯಾಂಕಿನಂತೆ ಸುತ್ತುವ ಪಟ್ಟಿ ಇರುವ ಗಾಡಿಗಳಲ್ಲಿ ಓಡಾಡುವ ಮೂರು ಕಾಲಾಳು ಬೆಟಾಲಿಯನ್, ಮೂರು ಫಿರಂಗಿ ಬೆಟಾಲಿಯನ್ ಇದ್ದವು. ಜೊತೆಗೆ ಸೇತುವೆ ಕಟ್ಟುವವರು, ವೈದ್ಯರು, ರೇಡಿಯೋದವರು, ರಿಪೇರಿಯವರು. ಒಟ್ಟು ಹತ್ತಿರ ಹತ್ತಿರ 11,000 ಜನ. ಟ್ಯಾಂಕುಗಳ ಸಂಖ್ಯೆ 260ರ ಆಸುಪಾಸು. ಅಂದರೆ ಒಂದು ಟ್ಯಾಂಕಿನ ಹಿಂದೆ 40 ಜನ! ಟ್ಯಾಂಕಿನ ಒಳಗೆ ಕೂರುವವರು ಮಾತ್ರ ಐದೇ ಮಂದಿ. ಕಮಾಂಡರ್, ಗನ್ನರ್, ಲೋಡರ್, ಚಾಲಕ, ಸಹಚಾಲಕ.

1944ರ ಜುಲೈನಲ್ಲಿ ಈ ಡಿವಿಷನ್ ನಾರ್ಮಂಡಿಯ ಯೂಟಾ ಕಡಲತೀರದಲ್ಲಿ ಇಳಿಯಿತು. ಆ ತಿಂಗಳ ಕೊನೆಗೆ ಅವ್ರಾಂಶ್ ಪಟ್ಟಣ ಕೈಗೆ ಬಂತು. ಅಲ್ಲಿಂದಾಚೆ ಜನರಲ್ ಪ್ಯಾಟನ್ನರ 3ನೇ ಸೇನೆಯ ಜೊತೆ ಓಟವೋ ಓಟ. ಡಿವಿಷನ್ನಿನ ಮುಖ್ಯಸ್ಥ ಜಾನ್ ವುಡ್ ಅವರಿಗೆ ಎದುರಿನ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಇಷ್ಟವಿರಲಿಲ್ಲ. ಪಕ್ಕದಿಂದ ನುಗ್ಗಿ ಹಿಂಭಾಗ ಸೇರುವುದೇ ಅವರ ರೀತಿ. ಆಗಸ್ಟ್ ಕೊನೆಯಲ್ಲಿ ಮ್ಯೂಸ್ ನದಿ ದಾಟಿದರು. ಅಷ್ಟರಲ್ಲಿ ಪೆಟ್ರೋಲ್ ಮುಗಿಯಿತು. ನಾರ್ಮಂಡಿಯಿಂದ ಲಾರಿಗಳಲ್ಲಿ ಇಂಧನ ಬರಬೇಕು, ದಾರಿ ನೂರಾರು ಕಿಲೋಮೀಟರ್. ಶತ್ರು ನಿಲ್ಲಿಸಲಾಗದ ಸೇನೆಯನ್ನು ಖಾಲಿ ಟ್ಯಾಂಕಿ ನಿಲ್ಲಿಸಿತು. ಮತ್ತೆ ಹೊರಟು ಮೊಸೆಲ್ ನದಿ ದಾಟಿ ನಾನ್ಸಿ ನಗರವನ್ನು ಬಳಸಿ ಬಂದು ಅರಾಕೂರ್ ಬಯಲಿಗೆ ತಲುಪಿದಾಗ ಸೆಪ್ಟೆಂಬರ್ ಅರ್ಧ ಕಳೆದಿತ್ತು. ಅವರನ್ನು ಹಿಂದಕ್ಕೆ ತಳ್ಳಲು ಹಿಟ್ಲರ್ ಹೊಸ ಪ್ಯಾಂಜರ್, ಅಂದರೆ ಟ್ಯಾಂಕ್, ಬ್ರಿಗೇಡುಗಳನ್ನು ಕಳಿಸಿದ.

ಈಗ ಆ ಎರಡು ಟ್ಯಾಂಕುಗಳ ಲೆಕ್ಕ ನೋಡೋಣ. ಶರ್ಮನ್ನಿನ ಮುಂಭಾಗದ ಉಕ್ಕು 51 ಮಿಲಿಮೀಟರ್ ದಪ್ಪ. ಆದರೆ ಅದನ್ನು ಹಿಂದಕ್ಕೆ ಓರೆಯಾಗಿ ಬಾಗಿಸಿ ಕೂರಿಸಿದ್ದರು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದ ಬರುತ್ತದಲ್ಲ, ಹಾಗೆ ನೇರವಾಗಿ ಬರುವ ಗುಂಡು ಓರೆ ಉಕ್ಕನ್ನು ಕೊರೆಯಬೇಕಾದರೆ ಜಾಸ್ತಿ ದೂರ ಸಾಗಬೇಕು. ಹೀಗೆ 51 ಮಿ.ಮೀ. ಉಕ್ಕು ಸುಮಾರು 90 ಮಿ.ಮೀ.ನಷ್ಟು ಕೆಲಸ ಮಾಡುತ್ತದೆ. ಪ್ಯಾಂಥರಿನದ್ದು 80 ಮಿ.ಮೀ., ಅದೂ ಹೆಚ್ಚುಕಡಿಮೆ ಅಷ್ಟೇ ಓರೆ. ಅದು ಸುಮಾರು 140ಕ್ಕೆ ಸಮ.

ಫಿರಂಗಿಗಳ ಕಥೆ ಇನ್ನೂ ವಿಚಿತ್ರ. ಎರಡರ ಬಾಯಿಯ ಅಗಲವೂ 75 ಮಿ.ಮೀ. ಕವಚ ಭೇದಿಸುವ ಗುಂಡಿನ ತೂಕವೂ ಹೆಚ್ಚುಕಡಿಮೆ ಒಂದೇ, ಏಳು ಕಿಲೋಗೆ ಸ್ವಲ್ಪ ಕಮ್ಮಿ. ಆದರೆ ಪ್ಯಾಂಥರಿನ ನಳಿಗೆ ತುಂಬ ಉದ್ದ, ಮದ್ದು ಜಾಸ್ತಿ. ಶರ್ಮನ್ನಿನ ಗುಂಡು ಸೆಕೆಂಡಿಗೆ ಸುಮಾರು 620 ಮೀಟರ್ ವೇಗದಲ್ಲಿ ಹೊರಟರೆ ಪ್ಯಾಂಥರಿನದ್ದು 925 ಮೀಟರಿಗೂ ಮೇಲೆ. ವೇಗ ಒಂದೂವರೆ ಪಟ್ಟು ಆದರೆ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, ಯಾಕೆಂದರೆ ಚಲನಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ. ಬಯಲಿನಲ್ಲಿ ಎದುರುಬದುರು ನಿಂತರೆ ಪ್ಯಾಂಥರ್ ಬಹಳ ದೂರದಿಂದಲೇ ಶರ್ಮನ್ನನ್ನು ಹೊಡೆಯಬಲ್ಲದು. ಶರ್ಮನ್ ಹತ್ತಿರ ಹೋಗಿ ಹೊಡೆದರೂ ಪ್ಯಾಂಥರಿನ ಮುಂಭಾಗದ ಓರೆ ಉಕ್ಕು ಒಡೆಯುವುದಿಲ್ಲ.

ಸೆಪ್ಟೆಂಬರ್ 19ರ ಬೆಳಗ್ಗೆ ಅರಾಕೂರಿನ ಸುತ್ತ ದಟ್ಟ ಮಂಜು. ಅಮೆರಿಕದ ವಿಮಾನಗಳು ಹಾರುವಂತಿರಲಿಲ್ಲ. ಇದು ಜರ್ಮನರಿಗೆ ಅನುಕೂಲ ಅಂತ ಕಾಣುತ್ತದೆ, ಅಲ್ವಾ? ಆದರೆ ಅದೇ ಮಂಜು ಪ್ಯಾಂಥರಿನ ದೊಡ್ಡ ಬಲವನ್ನೂ ಕಸಿದುಕೊಂಡಿತು. ಕಿಲೋಮೀಟರುಗಟ್ಟಲೆ ದೂರ ಹೊಡೆಯುವ ಫಿರಂಗಿ ಇದ್ದು ಏನು ಬಂತು, ನೂರು ಮೀಟರ್ ಆಚೆ ಏನೂ ಕಾಣದಿದ್ದರೆ? ಲೆಜೆ ಊರಿನ ಬಳಿ ಕಾವಲಿದ್ದ ಶರ್ಮನ್ನುಗಳ ಮುಂದೆ ಪ್ಯಾಂಥರುಗಳು ಪ್ರತ್ಯಕ್ಷವಾದದ್ದು ಕೇವಲ 70 ಮೀಟರ್ ದೂರದಲ್ಲಿ. ಕಾದು ನಿಂತಿದ್ದವರು ಮೊದಲು ಹೊಡೆದರು. ಉಳಿದ ಪ್ಯಾಂಥರುಗಳು ದಕ್ಷಿಣಕ್ಕೆ ತಿರುಗಿದವು.

ಆಗ ಕ್ಯಾಪ್ಟನ್ ರಿಚರ್ಡ್ ಲ್ಯಾಮಿಸನ್ ನಾಲ್ಕು ಶರ್ಮನ್ನುಗಳನ್ನು ಕಟ್ಟಿಕೊಂಡು ಬೆಜಾಂಜ್ ಲ ಪೆತಿತ್ ಹಳ್ಳಿಯ ಪಶ್ಚಿಮದ ದಿಣ್ಣೆಯ ಕಡೆ ಓಡಿಸಿದರು. ಪ್ಯಾಂಥರುಗಳು ಆ ದಾರಿಯಲ್ಲೇ ಬರಬೇಕು ಅಂತ ಅವರಿಗೆ ಗೊತ್ತಿತ್ತು. ದಿಣ್ಣೆ ಮುಟ್ಟಿದ್ದು ಎದುರಾಳಿಗಿಂತ ಸುಮಾರು ಮೂರು ನಿಮಿಷ ಮೊದಲು. ಎಂಟು ಪ್ಯಾಂಥರುಗಳು ಬಂದವು. ಜರ್ಮನರು ತಿರುಗಿ ಉತ್ತರ ಕೊಡುವ ಮೊದಲೇ ನಾಲ್ಕು ಉರುಳಿದವು. ಲ್ಯಾಮಿಸನ್ ಅಲ್ಲೇ ನಿಲ್ಲಲಿಲ್ಲ. ಟ್ಯಾಂಕುಗಳನ್ನು ಹಿಂದಕ್ಕೆ ತೆಗೆದು, ದಿಣ್ಣೆಯ ಮರೆಯಲ್ಲೇ ಪಕ್ಕಕ್ಕೆ ಸರಿದು, ಬೇರೊಂದು ಕಡೆ ತಲೆ ಎತ್ತಿ, ಉಳಿದ ನಾಲ್ಕನ್ನೂ ಮುಗಿಸಿದರು. ಪ್ಯಾಂಥರಿನ ಮುಂಭಾಗ 140 ಮಿ.ಮೀ.ಗೆ ಸಮ ನಿಜ. ಆದರೆ ಪಕ್ಕದ ಉಕ್ಕು 40-50 ಮಿ.ಮೀ. ಮಾತ್ರ. ಅದಕ್ಕೆ ಶರ್ಮನ್ನಿನ ಫಿರಂಗಿ ಧಾರಾಳವಾಗಿ ಸಾಕು. ಆ ಒಂದು ದಿನದಲ್ಲಿ 43 ಜರ್ಮನ್ ಟ್ಯಾಂಕುಗಳು ನಾಶವಾದವು, ಅಮೆರಿಕನ್ನರು ಐದು ಶರ್ಮನ್ ಮತ್ತು ಮೂರು ಟ್ಯಾಂಕ್ ನಾಶಕ ಗಾಡಿಗಳನ್ನು ಕಳೆದುಕೊಂಡರು ಎನ್ನುತ್ತದೆ ಅಮೆರಿಕನ್ ಸೇನೆಯ ಅಧಿಕೃತ ಇತಿಹಾಸ. ಗೆದ್ದವರು ಹಾಕಿದ ಲೆಕ್ಕ ಅಂತ ಸ್ವಲ್ಪ ಕಡಿಮೆ ಮಾಡಿಕೊಂಡರೂ ಅಂತರ ದೊಡ್ಡದೇ.

ಮಾರನೇ ದಿನ ಮತ್ತೊಬ್ಬರ ಸಾಹಸ. ಚಾರ್ಲ್ಸ್ ಕಾರ್ಪೆಂಟರ್ ಎಂಬ ಮೇಜರ್, ಫಿರಂಗಿಗಳಿಗೆ ಗುರಿ ತೋರಿಸುವ ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ಬಝೂಕಾ, ಅಂದರೆ ಸೈನಿಕರು ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಕೊಳವೆಗಳನ್ನು ಕಟ್ಟಿಕೊಂಡು ಹೋಗಿ ಪ್ಯಾಂಥರುಗಳ ಮೇಲೆ ರಾಕೆಟ್ ಬಿಟ್ಟರು. ಟ್ಯಾಂಕಿನ ತಲೆಯ ಮೇಲಿನ ಉಕ್ಕು ತೆಳು ಎಂಬುದು ಅವರ ಲೆಕ್ಕಾಚಾರ. ಅಷ್ಟು ಹಗುರ ವಿಮಾನದಲ್ಲಿ ಹಾಗೆ ಹೋಗಲು ಎಂಥ ಗುಂಡಿಗೆ ಬೇಕು!

ಲ್ಯಾಮಿಸನ್ನರ ಮೂರು ನಿಮಿಷ ಧೈರ್ಯದ ಫಲ ಮಾತ್ರ ಅಲ್ಲ, ಯಂತ್ರದ ಗುಣವೂ ಹೌದು. ಶರ್ಮನ್ನಿನ ಟರೆಟ್, ಅಂದರೆ ಫಿರಂಗಿ ಹೊತ್ತ ಮೇಲಿನ ಭಾಗ, ಒಂದು ಸುತ್ತು ತಿರುಗಲು 15 ಸೆಕೆಂಡ್ ಸಾಕು. ಕಮಾಂಡರ್ ತನ್ನ ಜಾಗದಿಂದಲೇ ಅದನ್ನು ಗುರಿಯ ಕಡೆ ತಿರುಗಿಸಬಹುದಿತ್ತು. ಗನ್ನರಿಗೆ ವಿಶಾಲವಾಗಿ ಕಾಣುವ ಪೆರಿಸ್ಕೋಪ್ ಇತ್ತು. ಟರೆಟ್ ತಿರುಗುವಾಗಲೇ ಹೊರಗಿನ ಮರ, ಬೇಲಿ, ಮನೆ ಎಲ್ಲ ಅವನಿಗೆ ಕಾಣುತ್ತಿತ್ತು. ಗುರಿ ಸಿಕ್ಕ ಮೇಲೆ ದುರ್ಬೀನಿಗೆ ಕಣ್ಣಿಟ್ಟರಾಯಿತು.

ಪ್ಯಾಂಥರಿನ ಗನ್ನರಿಗೆ ಇದ್ದದ್ದು ದುರ್ಬೀನು ಒಂದೇ. ಬಹಳ ಒಳ್ಳೆಯ ದುರ್ಬೀನು ಅದು. ದೂರದ್ದು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಕಿರಿದಾದ ಒಂದು ವೃತ್ತದೊಳಗೆ ಮಾತ್ರ. ಕಮಾಂಡರ್ 'ಬಲಕ್ಕೆ!' ಎಂದು ಕೂಗಿದ ಮೇಲೂ ಅವನು ಆ ವೃತ್ತದಲ್ಲೇ ಹುಡುಕಾಡಬೇಕು. ಯುದ್ಧದ ನಂತರ ಫ್ರೆಂಚರು ತಮ್ಮ ಕೈಗೆ ಸಿಕ್ಕ ಪ್ಯಾಂಥರುಗಳನ್ನು ಕೆಲವು ವರ್ಷ ಬಳಸಿದರು. ಕಮಾಂಡರ್ ಗುರಿ ತೋರಿಸಿದ ಮೇಲೆ ಗನ್ನರ್ ಗುಂಡು ಹಾರಿಸಲು 20ರಿಂದ 30 ಸೆಕೆಂಡ್ ಬೇಕಾಗುತ್ತದೆ ಎಂದು ಅವರ 1947ರ ವರದಿ ಹೇಳುತ್ತದೆ. ಸಾಲದ್ದಕ್ಕೆ ಟರೆಟ್ ತಿರುಗಿಸುವ ಶಕ್ತಿ ಎಂಜಿನ್ನಿನಿಂದಲೇ ಬರಬೇಕಿತ್ತು. ಎಂಜಿನ್ ನಿಧಾನವಾಗಿ ಓಡುತ್ತಿದ್ದರೆ ಟರೆಟ್ಟೂ ನಿಧಾನ. ಸುಮ್ನೆ ಒಂದರಿಂದ ಮೂವತ್ತರವರೆಗೆ ಎಣಿಸಿ ನೋಡಿ. ಅಷ್ಟು ಹೊತ್ತಿನಲ್ಲಿ ಶರ್ಮನ್ನಿನ ಲೋಡರ್ ಹಲವು ಗುಂಡು ತುಂಬಿರುತ್ತಾನೆ.

ಅರಾಕೂರಿಗೆ ಬಂದ ಜರ್ಮನ್ ಸಿಬ್ಬಂದಿಗೆ ತರಬೇತಿಯೂ ಸಾಲದಾಗಿತ್ತು. ಮುಂದೆ ಹೋಗಿ ದಾರಿ ನೋಡಿಕೊಂಡು ಬರುವ ಪಡೆಯೂ ಸರಿಯಾಗಿರಲಿಲ್ಲ. ಇದನ್ನು ಮರೆತರೆ ಪ್ಯಾಂಥರಿಗೆ ಅನ್ಯಾಯ ಮಾಡಿದಂತೆ. ಪಳಗಿದವರ ಕೈಯಲ್ಲಿ, ಮರದ ಮರೆಯಲ್ಲಿ ಕಾದು ನಿಂತ ಪ್ಯಾಂಥರ್ ನಿಜಕ್ಕೂ ಭಯಂಕರ ಯಂತ್ರ.

ಇನ್ನು ಓಡಾಟದ ವಿಷಯ. ಅದೇ ಫ್ರೆಂಚ್ ವರದಿಯ ಪ್ರಕಾರ, ಪ್ಯಾಂಥರಿನ ಪಟ್ಟಿಗೆ ಶಕ್ತಿ ತಲುಪಿಸುವ ಕೊನೆಯ ಗೇರುಗಳು ಸರಾಸರಿ 150 ಕಿಲೋಮೀಟರ್ ಮಾತ್ರ ಬಾಳುತ್ತಿದ್ದವು. 45 ಟನ್ ತೂಕವನ್ನು ಆ ಹಲ್ಲುಗಳು ತಡೆಯುತ್ತಿರಲಿಲ್ಲ. ಈ ಅಂಕಿ ಮನಸ್ಸಿನಲ್ಲಿರಲಿ. 1944ರ ಡಿಸೆಂಬರಿನಲ್ಲಿ ಜರ್ಮನರು ಆರ್ಡೆನ್ಸ್ ಕಾಡಿನಿಂದ ಹಠಾತ್ತನೆ ದಾಳಿ ಮಾಡಿ ಬೆಲ್ಜಿಯಂನ ಬಾಸ್ಟೋನ್ ಪಟ್ಟಣವನ್ನು ಸುತ್ತುವರಿದರು. ಒಳಗೆ 101ನೇ ಏರ್‌ಬೋರ್ನ್ ಡಿವಿಷನ್ ಸಿಕ್ಕಿಕೊಂಡಿತ್ತು. ಆಗ 4ನೇ ಆರ್ಮರ್ಡ್ ಡಿವಿಷನ್ನಿನ ಒಂದು ತುಕಡಿ ಒಂದೇ ದಿನದೊಳಗೆ 250 ಕಿಲೋಮೀಟರಿನಷ್ಟು ದೂರ ಸಾಗಿ ಉತ್ತರಕ್ಕೆ ಬಂತು. ಪ್ಯಾಂಥರಿನ ಗೇರುಗಳ ಸರಾಸರಿ ಆಯುಷ್ಯಕ್ಕಿಂತ ಜಾಸ್ತಿ ದೂರ, ಒಂದೇ ಉಸಿರಿಗೆ! ಕೆಟ್ಟು ನಿಂತವನ್ನು ಎಳೆದು ತಂದು, ರಾತ್ರಿಯೆಲ್ಲ ರಿಪೇರಿ ಮಾಡಿ, ಬೆಳಗ್ಗೆ ಮತ್ತೆ ಸಾಲಿಗೆ ಸೇರಿಸಿದ ಮೆಕ್ಯಾನಿಕ್ಕುಗಳಿಗೆ ಈ ಗೆಲುವಿನಲ್ಲಿ ದೊಡ್ಡ ಪಾಲಿದೆ. ಯುದ್ಧದ ಕಥೆಗಳಲ್ಲಿ ಅವರ ಹೆಸರು ಬರುವುದೇ ಅಪರೂಪ.

ಡಿಸೆಂಬರ್ 26ರ ಸಂಜೆಯ ಹೊತ್ತಿಗೆ ಕ್ರೈಟನ್ ಅಬ್ರಾಮ್ಸ್ ಅವರ 37ನೇ ಟ್ಯಾಂಕ್ ಬೆಟಾಲಿಯನ್ನಿನಲ್ಲಿ ಉಳಿದಿದ್ದದ್ದು 20 ಶರ್ಮನ್. ಇರಬೇಕಾದದ್ದರ ಅರ್ಧವೂ ಅಲ್ಲ. ಆದರೂ ಅಬ್ರಾಮ್ಸ್ ಅಸೆನ್ವಾ ಹಳ್ಳಿಯ ಮೂಲಕ ನೇರ ನುಗ್ಗಲು ನಿರ್ಧರಿಸಿದರು. ಮುಂದೆ ಹೋದದ್ದು ಲೆಫ್ಟಿನೆಂಟ್ ಚಾರ್ಲ್ಸ್ ಬಾಗಸ್ ಅವರ 'ಕೋಬ್ರಾ ಕಿಂಗ್' ಎಂಬ ಹೆಸರಿನ ಟ್ಯಾಂಕು. ತಮ್ಮ ಕಡೆಯದೇ ಫಿರಂಗಿ ಗುಂಡುಗಳು ಹಳ್ಳಿಯಲ್ಲಿ ಇನ್ನೂ ಬೀಳುತ್ತಿರುವಾಗಲೇ ಅದು ಒಳಗೆ ನುಗ್ಗಿ, ಸಂಜೆ 4:50ಕ್ಕೆ ಬಾಸ್ಟೋನಿನವರನ್ನು ಮುಟ್ಟಿತು. ಈ ಕೋಬ್ರಾ ಕಿಂಗ್ ಮಾಮೂಲಿ ಶರ್ಮನ್ ಅಲ್ಲ. ಜಂಬೋ ಎಂದು ಕರೆಯುತ್ತಿದ್ದ, ಮುಂಭಾಗದ ಉಕ್ಕನ್ನು ಸುಮಾರು ಎರಡು ಪಟ್ಟು ಮಾಡಿದ್ದ ಗಾಡಿ. ಒಟ್ಟು ಕಟ್ಟಿದ್ದೇ 254. ಎದುರಿಗೆ ಕಾದು ಕೂತವನ ಕಡೆಗೆ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಹೋಗಲೇಬೇಕಾದಾಗ, ಮೊದಲು ನೋಡುವ ಅವಕಾಶ ನಮಗಿಲ್ಲ. ಅಲ್ಲಿ ದಪ್ಪ ಉಕ್ಕು ಬೇಕೇ ಬೇಕು.

ಐದು ಜನರ ಪಾಲಿಗೆ ಇನ್ನೊಂದು ಭಯ ಯಾವತ್ತೂ ಇತ್ತು, ಬೆಂಕಿ. ಶರ್ಮನ್ ಪೆಟ್ರೋಲಿನಿಂದ ಓಡುತ್ತದೆ, ಅದಕ್ಕೇ ಉರಿಯುತ್ತದೆ ಅಂತ ಬಹಳ ಜನ ನಂಬಿದ್ದರು. ಪ್ಯಾಂಥರೂ ಪೆಟ್ರೋಲಿನದ್ದೇ! ನಿಜವಾದ ಕಾರಣ ಒಳಗೆ ಜೋಡಿಸಿಟ್ಟ ಗುಂಡುಗಳ ಮದ್ದು. ಹಾಗಾಗಿ ಗುಂಡಿನ ಪೆಟ್ಟಿಗೆಗಳನ್ನು ಟ್ಯಾಂಕಿನ ತಳಕ್ಕೆ ಇಳಿಸಿ, ಸುತ್ತ ನೀರು ಮತ್ತು ಗ್ಲೈಕಾಲ್ ತುಂಬಿಸಿಟ್ಟರು. ಗ್ಲೈಕಾಲ್ ಹಾಕಿದ್ದು ಚಳಿಗೆ ನೀರು ಹೆಪ್ಪುಗಟ್ಟದಿರಲಿ ಅಂತ. ಹಳೆಯ ಶರ್ಮನ್ನುಗಳಲ್ಲಿ ಪೆಟ್ಟು ತಿಂದವುಗಳ ಪೈಕಿ 60ರಿಂದ 80 ಶೇಕಡಾ ಹೊತ್ತಿಕೊಳ್ಳುತ್ತಿದ್ದರೆ, ಈ ಏರ್ಪಾಡು ಇದ್ದವುಗಳಲ್ಲಿ ಅದು 10ರಿಂದ 15 ಶೇಕಡಾಕ್ಕೆ ಇಳಿಯಿತು ಎಂದು 1945ರ ಸೇನಾ ಅಧ್ಯಯನ ಕಂಡುಕೊಂಡಿತು. ಎಷ್ಟು ಸರಳ ಉಪಾಯ, ಎಷ್ಟೊಂದು ಜೀವ!

1945ರ ಏಪ್ರಿಲ್ 4ರಂದು ಈ ಡಿವಿಷನ್, 89ನೇ ಇನ್‌ಫೆಂಟ್ರಿ ಡಿವಿಷನ್ನಿನ ಜೊತೆ ಓರ್ಡ್ರೂಫ್ ತಲುಪಿತು. ಅಮೆರಿಕನ್ ಸೇನೆ ಬಿಡಿಸಿದ ಮೊದಲ ನಾತ್ಸಿ ಯಾತನಾ ಶಿಬಿರ ಅದು. ಹೆಣಗಳ ರಾಶಿ ಹಾಗೇ ಬಿದ್ದಿತ್ತು. ಎಂಟು ದಿನಗಳ ನಂತರ ಜನರಲ್ ಐಸೆನ್‌ಹೋವರ್ ತಾವೇ ಅಲ್ಲಿಗೆ ಬಂದು ನೋಡಿದರು, ಮುಂದೆ ಯಾರೂ ಇದು ನಡೆದೇ ಇಲ್ಲ ಎನ್ನಬಾರದು ಅಂತ. ಅಷ್ಟು ದೂರ ಓಡಿ ಬಂದ ಸೈನಿಕರಿಗೆ, ತಾವು ಯಾವುದರ ವಿರುದ್ಧ ಹೋರಾಡುತ್ತಿದ್ದೇವೆ ಎನ್ನುವುದು ಅಲ್ಲಿ ಕಣ್ಣಿಗೇ ಕಂಡಿತು.

ಯುದ್ಧ ಮುಗಿದ ಮೇಲೆ ಮೇರಿಲ್ಯಾಂಡಿನ ಆಬರ್ಡೀನಿನಲ್ಲಿದ್ದ ಸೇನೆಯ ಬ್ಯಾಲಿಸ್ಟಿಕ್ ಪ್ರಯೋಗಾಲಯದವರು 3ನೇ ಮತ್ತು 4ನೇ ಆರ್ಮರ್ಡ್ ಡಿವಿಷನ್ನುಗಳ ದಾಖಲೆ ಕೈಗೆತ್ತಿಕೊಂಡರು. 1944ರ ಆಗಸ್ಟಿನಿಂದ ಡಿಸೆಂಬರ್‌ವರೆಗಿನ ಟ್ಯಾಂಕ್ ಕಾಳಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎಷ್ಟು ದೂರದಲ್ಲಿ? ಯಾರು ಎಷ್ಟು ಜನ? ಮೊದಲು ಹೊಡೆದವರು ಯಾರು? 1954ರಲ್ಲಿ ಬಂದ ಅವರ ವರದಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಈ ಕೊನೆಯ ಪ್ರಶ್ನೆ. ಮೊದಲು ಕಂಡು ಮೊದಲು ಹೊಡೆದವರು ಸಾಮಾನ್ಯವಾಗಿ ಗೆದ್ದರು. ಆ ಅವಕಾಶ ಹೆಚ್ಚಾಗಿ ಸಿಕ್ಕಿದ್ದು ಕಾದು ನಿಂತವರಿಗೆ.

ನಮ್ಮವರ ಅನುಭವವೂ ಇದೇ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಬಳಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದವು. ಅವು ಶರ್ಮನ್ನಿಗಿಂತ ಬಹಳ ಹೊಸವು, ಹೆಸರೇ ಪ್ಯಾಟನ್, ಅದೇ ಜನರಲ್ಲರ ಹೆಸರು. ಎದುರಿಗೆ ನಿಂತ ಭಾರತದ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಬಳಿ ಇದ್ದದ್ದು ಫಿರಂಗಿ ಸುಧಾರಿಸಿದ ಹಳೆಯ ಶರ್ಮನ್ನುಗಳು. ನೀರು ಬಿಟ್ಟ ಹೊಲದಲ್ಲಿ ಪ್ಯಾಟನ್ನುಗಳು ಹೂತುಕೊಂಡವು. ಕಬ್ಬಿನ ಮರೆಯಲ್ಲಿ ಕಾದಿದ್ದ ನಮ್ಮವರು ಮೊದಲು ಹೊಡೆದರು.

ಅರಾಕೂರಿನಲ್ಲಿ ಅಬ್ರಾಮ್ಸ್ ಅವರಿಗೆ ಆಗಷ್ಟೇ 30 ತುಂಬಿತ್ತು. ಮುಂದೆ ಅವರು ಅಮೆರಿಕನ್ ಸೇನೆಯ ಮುಖ್ಯಸ್ಥರಾದರು. ಎಂ1 ಟ್ಯಾಂಕಿಗೆ ಅವರ ಹೆಸರನ್ನೇ ಇಟ್ಟರು. 1990ರ ದಶಕದಲ್ಲಿ ಬಂದ ಎಂ1ಎ2 ಮಾದರಿಯಲ್ಲಿ ಕಮಾಂಡರಿಗೆ ಶಾಖದಿಂದಲೇ ಗುರಿ ಗುರುತಿಸುವ, ತನ್ನಷ್ಟಕ್ಕೆ ತಿರುಗುವ ಪ್ರತ್ಯೇಕ ಕಣ್ಣೊಂದನ್ನು ಕೊಟ್ಟಿದ್ದಾರೆ. ಗನ್ನರ್ ಒಂದು ಗುರಿಗೆ ಹೊಡೆಯುತ್ತಿರುವಾಗಲೇ ಕಮಾಂಡರ್ ಮುಂದಿನದನ್ನು ಹುಡುಕಿ, ಗುಂಡಿ ಒತ್ತಿ ಟರೆಟ್ಟನ್ನು ಅದರತ್ತ ತಿರುಗಿಸಬಹುದು. ಮಂಜಿದ್ದರೂ ಕತ್ತಲಿದ್ದರೂ.